ಸೋತ ಕೈಗೆ ಯಂತ್ರದ ನೆರವು

(ಆಕಾಶವಾಣಿ ಭಾಷಣ)



ಕನ್ನಡಿಗನು ತನ್ನ ಅಸಹಾಯಕತೆಯನ್ನು ಹೇಳಿಕೊಳ್ಳಬೇಕಾದಾಗ ‘ನನ್ನ ಕೈಲಾಗದು’ ಎನ್ನುತ್ತಾನೆ. ಏರಲಾರದ ಬೆಟ್ಟದ ಮಾತಾಗಿರಲಿ, ತೀರಿಸಲಾರದ ಸಾಲದ ಮಾತಾಗಿರಲಿ, ಆಗುವುದೂ ಆಗದಿರುವುದೂ ನಮ್ಮ ನುಡಿಯಲ್ಲಿ ಕೈಯ ಮೂಲಕವೇ. ನೆನೆದದ್ದು ಸಿದ್ಧಿಸಿದರೆ ‘ಕೈಗೂಡಿತು’ ಎನ್ನುತ್ತೇವೆ. ನಂಬಿದವನು ವಂಚಿಸಿದರೆ ‘ಕೈಕೊಟ್ಟ’ ಎನ್ನುತ್ತೇವೆ. ಆಪತ್ತಿನಲ್ಲಿ ತೊರೆದು ಹೋದವನು ‘ಕೈಬಿಟ್ಟ’, ಮದುವೆಯಾದವನು ‘ಕೈಹಿಡಿದ’. ವೈದ್ಯನಿಗೆ ಕೈಗುಣ, ಅಡುಗೆಯವರಿಗೆ ಕೈರುಚಿ. ನಮ್ಮ ಕರಾವಳಿಯಲ್ಲಿ ಒಂದು ಬಗೆಯ ಬಲೆಯ ಹೆಸರೇ ಕೈರಂಪಣಿ. ಇಷ್ಟೊಂದು ಹೊರೆಯನ್ನು ಭಾಷೆಯು ಒಂದು ಅಂಗದ ಮೇಲೆ ಹೊರಿಸಿದೆಯೆಂದ ಮೇಲೆ, ಆ ಅಂಗ ಒಂದು ಬೆಳಗ್ಗೆ ಎದ್ದು ನೋಡುವಷ್ಟರಲ್ಲಿ ಸುಮ್ಮನಾಗಿಬಿಟ್ಟರೆ ಮನುಷ್ಯನು ಕಳೆದುಕೊಳ್ಳುವುದು ಬರಿಯ ಐದು ಬೆರಳುಗಳನ್ನಲ್ಲವೆಂಬುದು ಸ್ಪಷ್ಟ.

ಪಾರ್ಶ್ವವಾಯು, ಪಕ್ಷಾಘಾತ, ಲಕ್ವ ಎಂದು ನಾವು ಹಲವು ಹೆಸರುಗಳಿಂದ ಕರೆಯುವ ಈ ವ್ಯಾಧಿಯ ನೆಲೆ ಕೈಯಲ್ಲಿಲ್ಲ, ಮಿದುಳಿನಲ್ಲಿದೆ. ಮಿದುಳಿಗೆ ಹೋಗುವ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಾಗ, ಇಲ್ಲವೆ ನಾಳವೇ ಒಡೆದು ರಕ್ತ ಸುರಿದಾಗ, ಆ ಭಾಗದ ಜೀವಕೋಶಗಳು ನಿಮಿಷಗಳ ಲೆಕ್ಕದಲ್ಲಿ ಸಾಯತೊಡಗುತ್ತವೆ. ಎಡ ಮಿದುಳಿನಿಂದ ಹೊರಟ ನರತಂತುಗಳಲ್ಲಿ ಬಹುಪಾಲು ಕತ್ತಿನ ಮೇಲ್ಭಾಗದಲ್ಲಿ ಅಡ್ಡಹಾಯ್ದು ಬಲಗಡೆಗೆ ಹೋಗುವುದರಿಂದ ಎಡ ಮಿದುಳಿನ ಗಾಯಕ್ಕೆ ಬಲಗೈ ಬಲಿಯಾಗುತ್ತದೆ. ಮುಖ ಓರೆಯಾಗುವುದು, ಎತ್ತಿದ ಕೈ ಜಾರಿ ಬೀಳುವುದು, ಮಾತು ತೊದಲುವುದು, ಈ ಮೂರರಲ್ಲಿ ಒಂದು ಕಂಡರೂ ಹೊತ್ತು ಕಳೆಯದೆ ಆಸ್ಪತ್ರೆಗೆ ಸಾಗಿಸಬೇಕು. ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಇದು ಈಗ ಅನೇಕರಿಗೆ ತಿಳಿದ ವಿಷಯ. ನಾನು ಇಂದು ಹೇಳಬೇಕೆಂದಿರುವುದು ಆ ಗಂಟೆಗಳು ಕಳೆದ ಮೇಲಿನ ಮಾತು. ಪ್ರಾಣ ಉಳಿದ ಮೇಲೆ, ಮನೆಗೆ ಮರಳಿದ ಮೇಲೆ, ಹಾಸಿಗೆಯ ಬದಿಯಲ್ಲಿ ಕುಳಿತು ತನ್ನದೇ ಕೈಯನ್ನು ಪರರ ಕೈಯಂತೆ ನೋಡುವ ಹೊತ್ತಿನ ಮಾತು.

ಕಾಲು ಬೇಗ ಚೇತರಿಸಿಕೊಳ್ಳುತ್ತದೆ, ಕೈ ಹಿಂದುಳಿಯುತ್ತದೆ ಎಂಬುದನ್ನು ಇಂಥ ರೋಗಿಗಳ ಮನೆಯವರೆಲ್ಲ ಕಂಡಿರುತ್ತಾರೆ. ಅದಕ್ಕೆ ಕಾರಣವುಂಟು. ದೇಹದ ಭಾರವನ್ನು ಹೊತ್ತು ನಿಲ್ಲುವುದು, ಹೆಜ್ಜೆ ಬದಲಿಸುವುದು ಇವಕ್ಕೆ ಮಿದುಳಿನ ಕೆಳಭಾಗ ಮತ್ತು ಬೆನ್ನುಹುರಿಯ ಹಳೆಯ ವ್ಯವಸ್ಥೆಗಳ ಆಸರೆ ಉಂಟು. ಬೆರಳುಗಳ ಸೂಕ್ಷ್ಮ ಚಲನೆಗಾದರೋ ಮಿದುಳಿನ ಹೊರಪದರದಿಂದ ಬರುವ ನೇರ ಅಪ್ಪಣೆಯೇ ಬೇಕು. ಕೆನಡಾದ ಮಾಂಟ್ರಿಯಲ್ ನಗರದ ನರಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ೧೯೩೭ರಲ್ಲಿ, ಮಿದುಳಿನ ಮೇಲ್ಮೈಯಲ್ಲಿ ಯಾವ ಅಂಗಕ್ಕೆ ಎಷ್ಟು ಜಾಗವಿದೆಯೆಂಬ ನಕ್ಷೆಯನ್ನು ಪ್ರಕಟಿಸಿದರು. ಆ ಲೆಕ್ಕದಲ್ಲಿ ಮನುಷ್ಯನ ಚಿತ್ರ ಬರೆದರೆ ಸೊಂಟ, ಬೆನ್ನುಗಳು ಕಿರಿದಾಗಿ, ಕೈಯೂ ಬಾಯಿಯೂ ರಾಕ್ಷಸಾಕಾರ ತಾಳುತ್ತವೆ. ಯಕ್ಷಗಾನದ ಬಣ್ಣದ ವೇಷವನ್ನು ಕಂಡವರಿಗೆ ಆ ಚಿತ್ರ ಅಷ್ಟೇನೂ ವಿಚಿತ್ರವೆನಿಸಲಾರದು.

ಇನ್ನೊಂದು ಸಂಗತಿ ಇನ್ನೂ ಕ್ರೂರವಾದದ್ದು. ಸೋತ ಕೈ ಬಹುಕಾಲ ಸಡಿಲವಾಗಿ ಉಳಿಯುವುದಿಲ್ಲ. ವಾರಗಳು ಕಳೆದಂತೆ ಮೊಣಕೈ ಮಡಚಿಕೊಳ್ಳುತ್ತದೆ, ಮಣಿಕಟ್ಟು ಬಾಗುತ್ತದೆ, ಬೆರಳುಗಳು ಮುಷ್ಟಿಗಟ್ಟುತ್ತವೆ. ಹಿಡಿಯುವ ಶಕ್ತಿ ಮೊದಲು ಬರುತ್ತದೆ. ಬಿಡುವ ಶಕ್ತಿ ಬಹಳ ತಡವಾಗಿ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಲೋಟವನ್ನು ಹಿಡಿಯುವುದಕ್ಕೆ ಮೊದಲು ಅಂಗೈ ತೆರೆಯಬೇಕಲ್ಲವೆ? ತೆರೆಯದ ಕೈಗೆ ಎಷ್ಟು ಬಲವಿದ್ದರೇನು?

ನಮ್ಮ ಗಂಗೊಳ್ಳಿಯಲ್ಲಿ ಬಂದರಿನ ಬಳಿ ಬಲೆ ದುರಸ್ತಿ ಮಾಡುತ್ತಿದ್ದ ಹಿರಿಯರೊಬ್ಬರು ನನಗೆ ಪರಿಚಿತರು. ದೋಣಿಗೆ ಹೋಗುವ ಪ್ರಾಯ ಕಳೆದ ಮೇಲೆ ಅವರ ಜೀವನ ಈ ಕೆಲಸದಿಂದಲೇ ಸಾಗುತ್ತಿತ್ತು. ಹರಿದ ಕಣ್ಣನ್ನು ಎಡಗೈಯಲ್ಲಿ ಹಿಗ್ಗಿಸಿ ಹಿಡಿದು, ಬಲಗೈಯಲ್ಲಿ ದಾರ ಸುತ್ತಿದ ಕಡ್ಡಿಯನ್ನು ತೂರಿಸಿ, ಗಂಟಿಕ್ಕಿ, ಅಳತೆ ತಪ್ಪದಂತೆ ಮುಂದಿನ ಕಣ್ಣಿಗೆ ಹೋಗುವ ಅವರ ಕೆಲಸವನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಪಾರ್ಶ್ವವಾಯು ಅವರ ಬಲಗೈಯನ್ನು ಹಿಡಿಯಿತು. ನಡೆಯಲು ಕಲಿತರು, ಮಾತೂ ಬಂತು. ನೋಡಲು ಹೋದಾಗ, “ಕೈ ಇತ್ತ್ ಮಾಷ್ಟ್ರೆ, ಆರೆ ಹೇಳ್ರೆ ಕೇಂತಿಲ್ಲೆ” ಎಂದರು. ಇಡೀ ವೈದ್ಯಶಾಸ್ತ್ರದ ಅಧ್ಯಾಯವೊಂದನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ. ಕೈಗೆ ಏನೂ ಆಗಿಲ್ಲ. ಹೇಳುವ ದಾರಿ ಕಡಿದುಹೋಗಿದೆ.

ಆ ದಾರಿಯನ್ನು ಮತ್ತೆ ಹಾಕಬಹುದೆ? ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ, ಆದುದರಿಂದ ಹೋದದ್ದು ಹೋಯಿತು ಎಂಬ ಭಾವನೆ ವೈದ್ಯರಲ್ಲಿಯೂ ಬಹುಕಾಲ ಬಲವಾಗಿತ್ತು. ೧೯೯೬ರಲ್ಲಿ ಅಮೆರಿಕದ ವಿಜ್ಞಾನಿ ರಾಂಡಾಲ್ಫ್ ನೂಡೋ ಮತ್ತು ಅವರ ಸಹೋದ್ಯೋಗಿಗಳು ಕಿರುಗಾತ್ರದ ಕೋತಿಗಳ ಮೇಲೆ ನಡೆಸಿದ ಪ್ರಯೋಗವೊಂದು ಆ ಭಾವನೆಯನ್ನು ಅಲುಗಿಸಿತು. ಕೋತಿಯ ಮಿದುಳಿನಲ್ಲಿ ಕೈಗೆ ಸಂಬಂಧಿಸಿದ ಜಾಗದಲ್ಲಿ ಒಂದಿಷ್ಟು ಹಾನಿಯಾಗಿತ್ತು. ಹಲಗೆಯೊಂದರ ಚಿಕ್ಕ ಚಿಕ್ಕ ಕುಳಿಗಳಲ್ಲಿ ತಿನಿಸಿನ ಗುಳಿಗೆಗಳನ್ನಿಟ್ಟು, ಸೋತ ಕೈಯಿಂದಲೇ ಅವನ್ನು ತೆಗೆದುಕೊಳ್ಳುವಂತೆ ದಿನದಿನವೂ ಅಭ್ಯಾಸ ಮಾಡಿಸಲಾಯಿತು. ಅಭ್ಯಾಸ ಪಡೆದ ಕೋತಿಗಳಲ್ಲಿ ಗಾಯದ ಸುತ್ತಲಿನ ಉಳಿದ ಜಾಗ ಕೈಯ ಕೆಲಸಕ್ಕೇ ಉಳಿದುಕೊಂಡಿತು. ಕೆಲವದರಲ್ಲಿ ಮೊಣಕೈ ಭುಜಗಳಿಗೆ ಸೇರಿದ್ದ ಜಾಗವನ್ನೂ ಕೈ ಆಕ್ರಮಿಸಿಕೊಂಡಿತು. ಅಭ್ಯಾಸವಿಲ್ಲದೆ ಬಿಟ್ಟಾಗಲಾದರೋ ಇದ್ದ ಜಾಗವೂ ಕೈಬಿಟ್ಟುಹೋಗುತ್ತಿತ್ತು. ಹೊಲವನ್ನು ಉಳದೆ ಬಿಟ್ಟರೆ ನೆರೆಯವನು ಬೇಲಿ ಸರಿಸುತ್ತಾನೆ. ಮಿದುಳಿನಲ್ಲಿಯೂ ಅದೇ ನ್ಯಾಯ.

ಎಡ್ವರ್ಡ್ ಟೌಬ್ ಎಂಬ ಮನಶ್ಶಾಸ್ತ್ರಜ್ಞರು ಇದೇ ತತ್ತ್ವವನ್ನು ಬೇರೆ ದಾರಿಯಿಂದ ತಲುಪಿದರು. ರೋಗಿಯು ಮೊದಮೊದಲು ಸೋತ ಕೈಯಿಂದ ಪ್ರಯತ್ನಿಸಿ ಸೋಲುತ್ತಾನೆ. ಒಳ್ಳೆಯ ಕೈಯಿಂದ ಕೆಲಸ ಸಲೀಸಾಗಿ ಆಗುತ್ತದೆ. ಹೀಗೆ ಸೋತ ಕೈಯನ್ನು ಬಳಸದಿರುವುದನ್ನೇ ಅವನು ಕಲಿತುಬಿಡುತ್ತಾನೆ ಎಂದು ಅವರ ವಾದ. ಆದುದರಿಂದ ಒಳ್ಳೆಯ ಕೈಗೆ ಚೀಲ ತೊಡಿಸಿ ಕಟ್ಟಿಹಾಕಿ, ಸೋತ ಕೈಯಿಂದಲೇ ದಿನದ ಕೆಲಸ ಮಾಡಿಸುವ ಚಿಕಿತ್ಸೆಯನ್ನು ಬಳಕೆಗೆ ತಂದರು. ೨೦೦೬ರಲ್ಲಿ ಪ್ರಕಟವಾದ, ೨೨೨ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಎರಡು ವಾರಗಳ ಇಂಥ ಚಿಕಿತ್ಸೆಯಿಂದಾದ ಪ್ರಯೋಜನ ಒಂದು ವರ್ಷದ ಮೇಲೂ ಉಳಿದಿತ್ತು. ಆದರೆ ಬೆರಳುಗಳು ಸ್ವಲ್ಪವಾದರೂ ಆಡುವವರಿಗೆ ಮಾತ್ರ ಈ ದಾರಿ. ಪೂರ್ಣ ಬಿಗಿದ ಕೈಗೆ ಇದು ಶಿಕ್ಷೆಯಾದೀತು.

ಹಾಗಾದರೆ ಎಷ್ಟು ಅಭ್ಯಾಸ ಬೇಕು? ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ದಿನಕ್ಕೆ ನೂರುಗಟ್ಟಲೆ ಬಾರಿ ಒಂದೇ ಚಲನೆಯನ್ನು ಮಾಡಿಸಿರುತ್ತಾರೆ. ಅಮೆರಿಕ ಮತ್ತು ಕೆನಡಾದ ಚಿಕಿತ್ಸಾಲಯಗಳಲ್ಲಿ ಕುಳಿತು ಎಣಿಸಿದವರು ೨೦೦೯ರಲ್ಲಿ ಕೊಟ್ಟ ವರದಿಯ ಪ್ರಕಾರ, ಕೈಗೆ ಉದ್ದೇಶಪೂರ್ವಕ ಕೆಲಸದ ಅಭ್ಯಾಸ ಕೊಟ್ಟ ಒಂದು ಬೈಠಕ್ಕಿನಲ್ಲಿ ಆದ ಪುನರಾವೃತ್ತಿ ಸರಾಸರಿ ೩೨! ಚಿಕಿತ್ಸಕರು ಸೋಮಾರಿಗಳೆಂದು ಇದರ ಅರ್ಥವಲ್ಲ. ಭಾರವಾದ, ಬಿಗಿದ ತೋಳೊಂದನ್ನು ಎತ್ತಿ ಹಿಡಿದು ಮುಂದೆ ಹಿಂದೆ ಆಡಿಸುತ್ತಿದ್ದರೆ ಅರ್ಧ ಗಂಟೆಯಲ್ಲಿ ಚಿಕಿತ್ಸಕರ ತೋಳೇ ಸೋಲುತ್ತದೆ. ಹೊರಗೆ ಇನ್ನೂ ಹತ್ತು ಮಂದಿ ಕಾದಿರುತ್ತಾರೆ.

ದಣಿಯದೆ, ಬೇಸರಿಸದೆ, ಎಣಿಕೆ ತಪ್ಪದೆ ಇದನ್ನು ಮಾಡಬಲ್ಲ ಸೇವಕನೊಬ್ಬನು ಬೇಕು ಎಂಬ ಅಗತ್ಯದಿಂದ ರೋಬೋಟ್ ಈ ರಂಗಕ್ಕೆ ಬಂದಿತು. ‘ರೋಬೋಟ್’ ಎಂಬ ಶಬ್ದ ವಿಜ್ಞಾನಿಗಳದಲ್ಲ, ಸಾಹಿತಿಗಳದು. ಚೆಕ್ ಲೇಖಕ ಕರೆಲ್ ಚಾಪೆಕ್ ೧೯೨೦ರಲ್ಲಿ ಪ್ರಕಟಿಸಿದ ‘ಆರ್.ಯು.ಆರ್.’ ಎಂಬ ನಾಟಕದಲ್ಲಿ ಅದು ಮೊದಲು ಬಂತು. ಶಬ್ದವನ್ನು ಸೂಚಿಸಿದವರು ಅವರ ಅಣ್ಣ, ಚಿತ್ರಕಾರ ಯೋಸೆಫ್. ಒಡೆಯನಿಗಾಗಿ ಕೂಲಿಯಿಲ್ಲದೆ ಮಾಡುವ ಕಡ್ಡಾಯದ ದುಡಿಮೆಗೆ ಆ ಭಾಷೆಯಲ್ಲಿ ‘ರೋಬೋಟ’ ಎಂದು ಹೆಸರು. ಸಂಸ್ಕೃತದ ‘ವಿಷ್ಟಿ’ ನಮ್ಮಲ್ಲಿ ತದ್ಭವವಾಗಿ ‘ಬಿಟ್ಟಿ’ಯಾಗಿದೆಯಷ್ಟೆ, ಅರ್ಥ ಅದೇ. ರೋಬೋಟನ್ನು ಯಂತ್ರಮಾನವನೆಂದು ಅನುವಾದಿಸಿದವರು ‘ಬಿಟ್ಟಿಯಾಳು’ ಎಂದಿದ್ದರೆ ಮೂಲಕ್ಕೆ ಹೆಚ್ಚು ಹತ್ತಿರವಾಗುತ್ತಿತ್ತು. ನಾನು ಹೇಳಹೊರಟಿರುವ ಯಂತ್ರಕ್ಕಂತೂ ಮಾನವಾಕಾರವೇ ಇಲ್ಲ. ಬೆಲೆಯನ್ನು ನೋಡಿದರೆ ಅದು ಬಿಟ್ಟಿಯೂ ಅಲ್ಲ.

ಅಮೆರಿಕದ ಮಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ನೆವಿಲ್ ಹೋಗನ್ ಮತ್ತು ಹರ್ಮಾನೋ ಇಗೊ ಕ್ರೆಬ್ಸ್ ೧೯೮೯ರ ಸುಮಾರಿಗೆ ಕಟ್ಟತೊಡಗಿದ ಈ ಯಂತ್ರಕ್ಕೆ ‘ಮಾನುಸ್’ ಎಂದು ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ಹಾಗೆಂದರೆ ಕೈ; ‘ಮನಸ್ಸು ಮತ್ತು ಕೈ’ ಎಂಬುದೇ ಆ ಸಂಸ್ಥೆಯ ಧ್ಯೇಯವಾಕ್ಯ. ರೋಗಿಯು ಮೇಜಿನ ಮುಂದೆ ಕೂರುತ್ತಾನೆ. ಮುಂಗೈಯನ್ನು ದೋಣಿಯಾಕಾರದ ಆಸರೆಯೊಂದರಲ್ಲಿಟ್ಟು ಪಟ್ಟಿ ಬಿಗಿಯುತ್ತಾರೆ. ಆ ಆಸರೆಗೆ ಲೋಹದ ಎರಡು ತೋಳುಗಳು, ತೋಳುಗಳಿಗೆ ಮೋಟಾರುಗಳು ಜೋಡಿಸಿರುತ್ತವೆ. ಎದುರಿನ ತೆರೆಯ ಮೇಲೆ ನಡುವೆ ಒಂದು ಬಿಂದು, ಸುತ್ತಲೂ ಎಂಟು ಬಿಂದುಗಳು. ನಡುವಿನಿಂದ ಹೊರಬಿಂದುವಿಗೆ ಕೈಯನ್ನು ಒಯ್ಯಬೇಕು, ಮರಳಿ ತರಬೇಕು. ಇದರ ಜಾಣತನ ಬಲದಲ್ಲಿಲ್ಲ, ಬಲವನ್ನು ಬಿಗಿಹಿಡಿಯುವುದರಲ್ಲಿದೆ. ಕಾರ್ಖಾನೆಯ ಯಂತ್ರದಂತೆ ಅದು ಕೈಯನ್ನು ಎಳೆದಾಡುವುದಿಲ್ಲ. ರೋಗಿ ತಾನೇ ಒಯ್ದರೆ ಹಿಂದೆ ಸರಿದು ದಾರಿ ಬಿಡುತ್ತದೆ. ದಾರಿ ತಪ್ಪಿದರೆ ಮೆಲ್ಲಗೆ ಒತ್ತರಿಸುತ್ತದೆ. ನಿಂತೇಬಿಟ್ಟರೆ ಉಳಿದಷ್ಟು ದೂರ ಒಯ್ಯುತ್ತದೆ. ಅಕ್ಷರ ತಿದ್ದಿಸುವಾಗ ಮಗುವಿನ ಕೈಮೇಲೆ ಕೈಯಿಟ್ಟ ಉಪಾಧ್ಯಾಯರು ಎಲ್ಲಿ ಒತ್ತಬೇಕು, ಎಲ್ಲಿ ಸಡಿಲಿಸಬೇಕು ಎಂದು ತಿಳಿದಿರುತ್ತಾರಲ್ಲ, ಆ ವಿವೇಕವನ್ನು ಗಣಿತದಲ್ಲಿ ಬರೆದು ಮೋಟಾರಿಗೆ ಕಲಿಸಿದ್ದಾರೆ. ೧೯೯೪ರಿಂದ ನ್ಯೂಯಾರ್ಕ್ ರಾಜ್ಯದ ಬರ್ಕ್ ಪುನಶ್ಚೇತನ ಆಸ್ಪತ್ರೆಯಲ್ಲಿ ರೋಗಿಗಳ ಮೇಲೆ ಇದರ ಪರೀಕ್ಷೆ ಆರಂಭವಾಯಿತು. ಒಂದು ಬೈಠಕ್ಕಿನಲ್ಲಿ ಸುಮಾರು ಸಾವಿರ ಚಲನೆಗಳು! ಮೂವತ್ತೆರಡೆಲ್ಲಿ, ಸಾವಿರವೆಲ್ಲಿ?

ಇಷ್ಟು ಕೇಳಿದ ಮೇಲೆ ಫಲವೂ ಮೂವತ್ತು ಪಾಲು ಹೆಚ್ಚಬೇಕೆಂದು ತೋರುವುದು ಸಹಜ. ಆಗಲಿಲ್ಲ. ೨೦೧೦ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ ಪರೀಕ್ಷೆಯ ವರದಿ ಬಂತು. ವ್ಯಾಧಿ ಬಡಿದು ಆರು ತಿಂಗಳಿಗಿಂತ ಹೆಚ್ಚಾಗಿದ್ದ ೧೨೭ ಮಂದಿ. ಹನ್ನೆರಡು ವಾರಗಳಲ್ಲಿ ೩೬ ಬೈಠಕ್ಕುಗಳು. ಹನ್ನೆರಡು ವಾರಗಳ ಕೊನೆಗೆ ಯಂತ್ರದ ಗುಂಪಿಗೂ ಸಾಮಾನ್ಯ ಆರೈಕೆಯ ಗುಂಪಿಗೂ ಗಣ್ಯವಾದ ಅಂತರ ಕಾಣಲಿಲ್ಲ. ೩೬ ವಾರಗಳ ಹೊತ್ತಿಗೆ ಯಂತ್ರದವರು ತುಸು ಮುಂದಿದ್ದರು. ಅಷ್ಟೇ ತೀವ್ರವಾದ ಅಭ್ಯಾಸವನ್ನು ಮನುಷ್ಯರ ಕೈಯಿಂದ ಪಡೆದವರಿಗೂ ಇವರಿಗೂ ಭೇದವಿರಲಿಲ್ಲ. ೨೦೧೯ರಲ್ಲಿ ಬ್ರಿಟನ್ನಿನಿಂದ ಇನ್ನೂ ದೊಡ್ಡ ಪರೀಕ್ಷೆಯ ವರದಿ ಬಂತು: ೭೭೦ ರೋಗಿಗಳು, ಇದೇ ‘ಮಾನುಸ್’ ಯಂತ್ರ, ವಾರಕ್ಕೆ ಮೂರು ಸಲ ಮುಕ್ಕಾಲು ಗಂಟೆಯಂತೆ ಹನ್ನೆರಡು ವಾರ. ಮೂರು ತಿಂಗಳ ಮೇಲೆ ಕೈಯ ಕೆಲಸದಲ್ಲಿ ನಿಶ್ಚಿತ ಮಟ್ಟದ ಪ್ರಗತಿ ತೋರಿದವರು ಯಂತ್ರದ ಗುಂಪಿನಲ್ಲಿ ನೂರಕ್ಕೆ ೪೪, ಸಾಮಾನ್ಯ ಆರೈಕೆಯಲ್ಲಿ ೪೨, ಚಿಕಿತ್ಸಕರೇ ಹೆಚ್ಚು ಹೊತ್ತು ಕುಳಿತು ದಿನಬಳಕೆಯ ಕೆಲಸಗಳನ್ನು ಮಾಡಿಸಿದ ಗುಂಪಿನಲ್ಲಿ ೫೦. ಈ ಅಂತರಗಳು ಖಚಿತವೆನ್ನಲಾಗದಷ್ಟು ಚಿಕ್ಕವು. ಯಂತ್ರದಿಂದ ತೋಳಿನ ಚಲನೆಗಳು ಸುಧಾರಿಸಿದ್ದು ನಿಜ. ಆ ಸುಧಾರಣೆ ಲೋಟದವರೆಗೆ, ಗುಂಡಿಯವರೆಗೆ ತಲುಪಲಿಲ್ಲ.

ಇದನ್ನು ಓದಿ ಯಂತ್ರದ ಕಥೆ ಮುಗಿಯಿತೆಂದು ನಕ್ಕವರುಂಟು. ನನಗೆ ಹಾಗೆ ತೋರುವುದಿಲ್ಲ. ಬಿಂದುವಿನಿಂದ ಬಿಂದುವಿಗೆ ಸರಿಯುವುದನ್ನು ಕಲಿತ ತೋಳು ಬಿಂದುವಿನಿಂದ ಬಿಂದುವಿಗೆ ಸರಿಯುತ್ತದೆ. ಅದರಿಂದ ಬಲೆ ನೇಯುವುದು ತಾನಾಗಿ ಬರುವುದಿಲ್ಲ. ಛಂದಸ್ಸಿನ ಪ್ರಸ್ತಾರವನ್ನು ಸಾವಿರ ಸಲ ಹಾಕಿದವನಿಗೆ ಕವಿತೆ ಬರೆಯಲು ಬಾರದಿರುವುದು ನನ್ನ ವೃತ್ತಿಯಲ್ಲಿ ದಿನವೂ ಕಂಡ ಸಂಗತಿ. ಹಾಗೆಂದು ಪ್ರಸ್ತಾರ ವ್ಯರ್ಥವೆಂದು ಯಾರೂ ಹೇಳರು. ಅಲ್ಲದೆ, ಮನುಷ್ಯನಷ್ಟೇ ಫಲವನ್ನು ಯಂತ್ರವೂ ಕೊಟ್ಟಿತೆಂದರೆ, ಮನುಷ್ಯ ಚಿಕಿತ್ಸಕರು ಸಾಕಷ್ಟಿರುವ ದೇಶಕ್ಕೆ ಅದು ಸೋಲು. ಇಲ್ಲದ ದೇಶಕ್ಕೆ ಅದರ ಅರ್ಥ ಬೇರೆ.

ನಮ್ಮ ದೇಶದಲ್ಲಿ ಈ ಅರ್ಥವನ್ನು ಹಿಡಿದು ಹೊರಟವರಿದ್ದಾರೆ. ಕನ್ನಡನಾಡಿನ ಎಷ್ಟೋ ರೋಗಿಗಳು ರೈಲು ಹತ್ತಿ ಹೋಗುವ ವೆಲ್ಲೂರು, ಕೈಯ ವಿಷಯದಲ್ಲಿ ಹಳೆಯ ಕ್ಷೇತ್ರ. ಅಲ್ಲಿಯ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ೧೯೪೬ರಲ್ಲಿ ಬಂದ ಪಾಲ್ ಬ್ರಾಂಡ್, ಕುಷ್ಠದಿಂದ ಮುರುಟಿದ ಬೆರಳುಗಳನ್ನು ಸ್ನಾಯುರಜ್ಜುಗಳ ಸ್ಥಾನ ಬದಲಿಸಿ ಮತ್ತೆ ಬಿಚ್ಚಿಸಿದರು. ಅವರ ಶಿಷ್ಯೆ ಮೇರಿ ವರ್ಗೀಸ್ ೧೯೫೪ರ ಅಪಘಾತವೊಂದರಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ಕಳೆದುಕೊಂಡ ಮೇಲೂ ಗಾಲಿಕುರ್ಚಿಯಲ್ಲಿ ಕುಳಿತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ೧೯೬೬ರಲ್ಲಿ ಅಲ್ಲಿಯ ಪುನಶ್ಚೇತನ ಸಂಸ್ಥೆಯನ್ನು ಕಟ್ಟಿದವರು ಅವರೇ. ನಡೆಯಲಾರದ ವೈದ್ಯೆಯ ಕೈ ಹಿಡಿಯಲಾರದ ರೋಗಿಯ ಕೈಯನ್ನು ತಿದ್ದುವ ಆ ದೃಶ್ಯವನ್ನು ಯಾವ ಕಾದಂಬರಿಕಾರನೂ ಕಲ್ಪಿಸಿರಲಾರ.

ಆ ವೆಲ್ಲೂರಿನ ಜೈವಿಕ ತಂತ್ರಜ್ಞರು ಮದರಾಸಿನ ಐಐಟಿಯವರೊಡನೆ ಸೇರಿ ‘ಪ್ಲೂಟೋ’ ಎಂಬ ಚಿಕ್ಕ ಯಂತ್ರವನ್ನು ರೂಪಿಸಿದ್ದಾರೆ; ಅದರ ವಿವರಣೆ ೨೦೨೧ರಲ್ಲಿ ಪ್ರಕಟವಾಯಿತು. ದೊಡ್ಡ ಯಂತ್ರಗಳಲ್ಲಿ ಹಲವು ಮೋಟಾರುಗಳಿದ್ದರೆ ಇದರಲ್ಲಿ ಒಂದೇ ಒಂದು. ಮಣಿಕಟ್ಟನ್ನು ಎತ್ತಿಳಿಸಲು ಒಂದು ಜೋಡಣೆ, ಮುಂಗೈಯನ್ನು ಮಗುಚಲು ಇನ್ನೊಂದು, ಅಂಗೈ ತೆರೆದು ಮುಚ್ಚಲು ಮತ್ತೊಂದು; ಬೇಕಾದುದನ್ನು ಸಿಕ್ಕಿಸಿದರೆ ಅದೇ ಮೋಟಾರು ಎಲ್ಲಕ್ಕೂ ದುಡಿಯುತ್ತದೆ. ಮೇಜಿನ ಮೇಲೆ ಇಡಬಹುದು, ಮನೆಗೆ ಒಯ್ಯಬಹುದು. ದಿಲ್ಲಿಯ ಐಐಟಿ ಮತ್ತು ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯವರು ಬೆರಳು ಮತ್ತು ಮಣಿಕಟ್ಟಿಗೆ ತೊಡಿಸುವ ಕವಚದಂಥ ಸಾಧನವನ್ನು ಮಾಡಿದ್ದಾರೆ. ರೋಗಿಯು ಬೆರಳು ಬಿಚ್ಚಲು ಮನಸ್ಸು ಮಾಡಿದಾಗ ಸ್ನಾಯುವಿನಲ್ಲಿ ಹುಟ್ಟುವ ಅತಿಕ್ಷೀಣ ವಿದ್ಯುತ್ತನ್ನು ಗ್ರಹಿಸಿ, ಆಗ ಮಾತ್ರ ಅದು ಚಲಿಸುತ್ತದೆ. ರೋಗಿ ಯತ್ನಿಸದಿದ್ದರೆ ಯಂತ್ರವೂ ಸುಮ್ಮನೆ. ಪರೀಕ್ಷೆಗೊಳಗಾದವರು ಕೆಲವೇ ಮಂದಿ, ಆದುದರಿಂದ ಹಿಗ್ಗಿ ಹೇಳುವಂತಿಲ್ಲ; ದಾರಿ ಮಾತ್ರ ಸರಿಯಾದದ್ದೆಂದು ನನ್ನ ಎಣಿಕೆ.

ಇದೆಲ್ಲ ಗಂಗೊಳ್ಳಿಗೆ ಹೇಗೆ ತಲುಪೀತು? ನಮ್ಮ ದಡದಲ್ಲಿ ನಿಂತರೆ ಪಂಚಗಂಗಾವಳಿಯ ಅಳಿವೆಯಾಚೆ ಕುಂದಾಪುರ ಕಣ್ಣಿಗೆ ಕಾಣುತ್ತದೆ. ರಸ್ತೆಯಲ್ಲಿ ಹೋಗಬೇಕಾದರೆ ತ್ರಾಸಿ, ಹೆಮ್ಮಾಡಿ ಸುತ್ತಿ ಹೋಗಬೇಕು. ಅಲ್ಲಿಂದ ಮುಂದೆ ಮಣಿಪಾಲದ ದೊಡ್ಡ ಆಸ್ಪತ್ರೆ. ಒಟ್ಟು ಐವತ್ತು ಕಿಲೋಮೀಟರಿಗೂ ಮಿಗಿಲಾದ ದಾರಿ. ವಾರಕ್ಕೆ ಮೂರರಂತೆ ಹನ್ನೆರಡು ವಾರವೆಂದರೆ ೩೬ ಸಲ ಹೋಗಿಬರಬೇಕು. ಒಬ್ಬರೇ ಬಸ್ಸು ಹತ್ತಲಾರದವರೊಡನೆ ಮನೆಯ ಇನ್ನೊಬ್ಬರು ೩೬ ದಿನದ ದುಡಿಮೆ ಬಿಟ್ಟು ಹೊರಡಬೇಕು. ನಮ್ಮ ಬಲೆಯ ಹಿರಿಯರು ಐದಾರು ಸಲ ಹೋದರು. ಆಮೇಲೆ ಮಳೆಗಾಲ ಹಿಡಿಯಿತು.

ಹಾಗಾದರೆ ಮನೆಯವರಿಗೇ ತರಬೇತು ಕೊಟ್ಟುಬಿಡಬಹುದಲ್ಲ ಎಂದರೆ, ಅದನ್ನೂ ಪರೀಕ್ಷಿಸಿ ನೋಡಲಾಗಿದೆ. ಭಾರತದ ೧೪ ಆಸ್ಪತ್ರೆಗಳಲ್ಲಿ ೧೨೫೦ ರೋಗಿಗಳ ಮೇಲೆ ನಡೆದು ೨೦೧೭ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ತರಬೇತು ಪಡೆದ ಕುಟುಂಬಗಳ ರೋಗಿಗಳಿಗೂ ಉಳಿದವರಿಗೂ ಆರು ತಿಂಗಳ ಮೇಲೆ ವ್ಯತ್ಯಾಸವಿರಲಿಲ್ಲ. ಎರಡೂ ಕಡೆ ನೂರಕ್ಕೆ ೪೭ ಮಂದಿ ತೀರಿಕೊಂಡಿದ್ದರು ಅಥವಾ ಪರಾಧೀನರಾಗಿದ್ದರು. ಸೊಸೆಯೋ ಮಗಳೋ ಅಡುಗೆ, ಮಕ್ಕಳು, ಮೀನು ಮಾರಾಟದ ನಡುವೆ ಚಿಕಿತ್ಸಕಿಯೂ ಆಗಬೇಕೆಂಬುದು ಹೇಳುವವರಿಗೆ ಸುಲಭ. ಅವರ ಪಕ್ಕದಲ್ಲಿ, ಎಣಿಸುತ್ತ ಕೂರುವ ಚಿಕ್ಕ ಯಂತ್ರವೊಂದಿದ್ದು, ತಿಂಗಳಿಗೊಮ್ಮೆ ಫಿಸಿಯೋಥೆರಪಿಸ್ಟರು ಬಂದು ನೋಡಿಹೋಗುವಂತಾದರೆ ಫಲ ಬೇರೆಯಾದೀತೆ ಎಂಬುದನ್ನು ನಮ್ಮ ನಾಡಿನಲ್ಲೇ ಪರೀಕ್ಷಿಸಬೇಕು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಂಥದೊಂದನ್ನು ಕೊಡುವುದು ದೊಡ್ಡ ಆಸ್ಪತ್ರೆಗೆ ಪರದೇಶದ ಹತ್ತು ಯಂತ್ರ ತರಿಸುವುದಕ್ಕಿಂತ ಮೇಲೆಂದು ನನ್ನ ಅಭಿಪ್ರಾಯ.

ಅಳೆಯುವ ಗಜವನ್ನೂ ನಾವು ಯೋಚಿಸಬೇಕಾಗಿದೆ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಕೈಯ ಪರೀಕ್ಷೆಯೊಂದು ೧೯೮೧ರಲ್ಲಿ ರೂಪುಗೊಂಡದ್ದು. ಅದರಲ್ಲಿ ಮರದ ಘನಗಳನ್ನು ಎತ್ತಬೇಕು, ಕ್ರಿಕೆಟ್ ಚೆಂಡನ್ನು ಹಿಡಿಯಬೇಕು, ಲೋಟದಿಂದ ಲೋಟಕ್ಕೆ ನೀರು ಸುರಿಯಬೇಕು, ಗೋಲಿಯನ್ನು ಚಿಟಿಕೆಯಲ್ಲಿ ಹಿಡಿಯಬೇಕು. ಒಳ್ಳೆಯದೇ. ಆದರೆ ಬಿಸಿ ಗಂಜಿಯ ಅಗುಳನ್ನು ಬೆರಳಲ್ಲಿ ಹಿಸುಕಿ ನೋಡುವುದು, ಅನ್ನ ಸಾರನ್ನು ಕಲಸಿ ತುತ್ತು ಕಟ್ಟುವುದು, ಮೀನಿನ ಮುಳ್ಳು ಬಿಡಿಸುವುದು ಅದರಲ್ಲಿಲ್ಲ. ಚಮಚದಲ್ಲಿ ಉಣ್ಣುವ ನಾಡಿನಲ್ಲಿ ಬಲಗೈ ಹೋದರೆ ಚಮಚ ಎಡಗೈಗೆ ಬರುತ್ತದೆ, ಅಷ್ಟೆ. ನಮ್ಮಲ್ಲಿ ಎಡಗೈಯಲ್ಲಿ ಉಣ್ಣಬೇಕಾಗಿ ಬಂದವರು ಪಂಕ್ತಿಗೆ ಬರುವುದನ್ನೇ ಬಿಡುತ್ತಾರೆ. ಮದುವೆ ಮುಂಜಿಗಳಿಗೆ ಏನಾದರೊಂದು ನೆಪ ಹೇಳುತ್ತಾರೆ. ಎಡಗೈ ಸೋತವರ ಸಂಕಟ ಬೇರೆ ಬಗೆಯದು, ಅದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ.

ಸ್ವೀಡನ್ನಿನ ಕವಿ ತೋಮಾಸ್ ಟ್ರಾನ್‌ಸ್ಟ್ರೋಮರ್ ೧೯೯೦ರಲ್ಲಿ ಪಾರ್ಶ್ವವಾಯುವಿನಿಂದ ಬಲಗೈಯನ್ನೂ ಮಾತನ್ನೂ ಬಹುಮಟ್ಟಿಗೆ ಕಳೆದುಕೊಂಡರು. ಪಿಯಾನೋ ಅವರಿಗೆ ಪ್ರಿಯವಾಗಿತ್ತು. ಎಡಗೈಗೆಂದೇ ರಚಿಸಿದ ಕೃತಿಗಳನ್ನು ನುಡಿಸುತ್ತಿದ್ದರು, ೨೦೧೧ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಒಂದು ಕೈಯ ಬಲೆಗಾರನಿಗೆ ಅಂಥ ಕೃತಿಗಳನ್ನು ಯಾರೂ ರಚಿಸಿಕೊಟ್ಟಿಲ್ಲ.

ಯಂತ್ರಗಳ ತೆರೆಯ ಮೇಲೆ ರೋಗಿಗೆ ಬೇಸರವಾಗದಿರಲೆಂದು ಆಟಗಳನ್ನು ಹಾಕಿರುತ್ತಾರೆ. ಕೋತಿಗಳ ಮುಂದೆ ಇಟ್ಟಿದ್ದ ಕುಳಿಗಳ ಹಲಗೆಯ ಚಿತ್ರವನ್ನು ನಾನು ಪುಸ್ತಕವೊಂದರಲ್ಲಿ ನೋಡಿದಾಗ ನೆನಪಾದದ್ದು ಅಟ್ಟದ ಮೇಲಿನ ಚೆನ್ನೆಮಣೆ. ಹದಿನಾಲ್ಕು ಕುಳಿ, ಕುಳಿಗೆ ನಾಲ್ಕು ಕಾಯಿ, ಎತ್ತಬೇಕು, ಮುಷ್ಟಿಯಲ್ಲಿ ಹಿಡಿಯಬೇಕು, ಒಂದೊಂದಾಗಿ ಬಿಡುತ್ತ ಹೋಗಬೇಕು. ಹಿಡಿಯುವುದಕ್ಕಿಂತ ಬಿಡುವುದು ಕಷ್ಟವಾದ ಕೈಗೆ ಇದು ಒಗ್ಗೀತೆ ಎಂದು ಪರಿಚಯದ ಫಿಸಿಯೋಥೆರಪಿಸ್ಟರೊಬ್ಬರನ್ನು ಕೇಳಿದೆ. ಬೆರಳು ಅಷ್ಟಿಷ್ಟು ಬಿಚ್ಚತೊಡಗಿದವರಿಗೆ ಒಗ್ಗೀತು, ಕಾಯಿ ತೀರ ಸಣ್ಣದಿರಬಾರದು, ಮೊದಲು ಅಡಿಕೆ ಹಾಕಿ ನೋಡಿ ಎಂದರು. ಈಗ ಮಧ್ಯಾಹ್ನದ ಹೊತ್ತು ಆ ಹಿರಿಯರ ಜಗಲಿಯ ಮೇಲೆ ಮಣೆ ಹಾಸಿರುತ್ತದೆ. ಎದುರಿಗೆ ಕೂರುವವಳು ಅವರ ಮೊಮ್ಮಗಳು. ಅಜ್ಜನ ಕೈ ತಡವಾದರೆ 'ಬೇಗ ಹಾಕಿ ಅಜ್ಜಾ' ಎಂದು ಗದರಿಸುತ್ತಾಳೆ. ಯಾವ ಯಂತ್ರವೂ ಇನ್ನೂ ಕಲಿಯದ ವಿದ್ಯೆಯದು. ಮೊನ್ನೆ ನಾನು ಹೋದಾಗ ಅವರು ಒಂದು ಸುತ್ತಿಗೆ ಏಳು ಅಡಿಕೆಗಳನ್ನು ಬಿಟ್ಟರು, ಎಂಟನೆಯದು ಅಂಗೈಯಲ್ಲೇ ಉಳಿಯಿತು.